ಗಸಗಸೆ ಸಿಗದ ಊರಲ್ಲಿ ಸೇವಂತಿಗೆ ಚಹಾ

ರಾತ್ರಿ ನಿದ್ದೆ ಹತ್ತದಿದ್ದರೆ ಗಸಗಸೆ ಪಾಯಸ ಕುಡಿದು ಮಲಗುವುದು ಕನ್ನಡನಾಡಿನ ಹಳೆಯ ರೂಢಿ. ಆದರೆ ದುಬೈಗೋ ಅಬುಧಾಬಿಗೋ ಹೊರಟವರ ಪೆಟ್ಟಿಗೆಯಲ್ಲಿ ಆ ಗಸಗಸೆಗೆ ಜಾಗವಿಲ್ಲ. ಯುಎಇಯಲ್ಲಿ ಅದು ನಿಷೇಧಿತ ವಸ್ತು. ಅಮ್ಮ ಕಟ್ಟಿಕೊಟ್ಟ ಸಣ್ಣ ಪೊಟ್ಟಣವೂ ವಿಮಾನ ನಿಲ್ದಾಣದಲ್ಲಿ ದೊಡ್ಡ ಸಂಕಟ ತರಬಲ್ಲದು. ಮಲಗುವ ಮುನ್ನ ಮನಸ್ಸು ಹಗುರಾಗಿಸುವ ಬೆಚ್ಚನೆಯ ಪಾನೀಯ ಬೇಕೆನ್ನುವವರಿಗೆ ಅಲ್ಲೇ ಸಿಗುವ ಸಾಮಗ್ರಿಯಲ್ಲಿ ಒಂದು ಒಳ್ಳೆಯ ದಾರಿಯಿದೆ. ಅದು ಚೀನೀಯರ ಹೂವು-ಹಣ್ಣಿನ ಚಹಾ. ಹೆಸರಿಗೆ ಚಹಾ ಆದರೂ ಇದಕ್ಕೆ ಚಹಾ ಎಲೆ ಹಾಕಬೇಕಿಲ್ಲ. ನಿದ್ದೆಗೆಡಿಸುವ ಕೆಫೀನಿನ ಚಿಂತೆಯೂ ಇಲ್ಲ.

ದುಬೈನ ಇಂಟರ್‌ನ್ಯಾಷನಲ್ ಸಿಟಿಯಲ್ಲಿ 2004ರಲ್ಲಿ ತೆರೆದ ಡ್ರ್ಯಾಗನ್ ಮಾರ್ಟ್, ಒಂದು ಕಿಲೋಮೀಟರಿಗೂ ಉದ್ದವಾದ ಚೀನೀ ಸರಕಿನ ಮಾರುಕಟ್ಟೆ. ಅದರ ಸುತ್ತಮುತ್ತ ಚೀನೀಯರ ದಿನಸಿ ಅಂಗಡಿಗಳೂ ಬೆಳೆದಿವೆ. ಒಣ ಸೇವಂತಿಗೆ, ಕೆಂಪು ಗೋಜಿ ಹಣ್ಣು, ಲಿಚಿಯ ಬಳಗಕ್ಕೆ ಸೇರಿದ ಲಾಂಗನ್, ಒಣ ಕೆಂಪು ಎಲಚಿ, ಕಲ್ಲುಸಕ್ಕರೆ ಹುಡುಕಲು ಅದೇ ತಕ್ಕ ಜಾಗ. ಗುಲಾಬಿ ಮೊಗ್ಗಿಗೆ ದುಬೈನದೇ ದೇರಾ ಬಡಾವಣೆಯ ಮಸಾಲೆ ಸೂಕ್ (ಪೇಟೆ) ಇದ್ದೇ ಇದೆ. ಅಲ್ಲಿ ಚೀಲಗಳಲ್ಲಿ ತುಂಬಿಟ್ಟ ಕಡುಗೆಂಪು ‘ಕರ್ಕದೆ’ಯನ್ನು ಉತ್ತರ ಕರ್ನಾಟಕದವರು ಗಮನಿಸಿ ನೋಡಬೇಕು. ಅದು ಅವರ ಪುಂಡಿ ಗಿಡದ್ದೇ ಹೂವಿನ ಪುಷ್ಪಪಾತ್ರೆ.

ಆಹಾರವೇ ಮೊದಲ ಔಷಧ ಎಂಬುದು ಚೀನೀಯರಲ್ಲಿ ಹಳೆಯ ನಂಬಿಕೆ. 7ನೇ ಶತಮಾನದ ವೈದ್ಯ ಸುನ್ ಸಿಮಿಯಾವೊ, ಕಾಯಿಲೆಯನ್ನು ಮೊದಲು ಊಟದಿಂದ ಸರಿಪಡಿಸಲು ನೋಡಬೇಕು, ಅದು ಆಗದಿದ್ದಾಗ ಮಾತ್ರ ಔಷಧಕ್ಕೆ ಕೈಹಾಕಬೇಕು ಎಂದು ಬರೆದಿದ್ದ. ಪ್ರತಿ ಆಹಾರಕ್ಕೂ ತಂಪು ಅಥವಾ ಉಷ್ಣದ ಗುಣವಿದೆ ಎಂಬುದು ಈ ಪದ್ಧತಿಯ ಬುನಾದಿ. ಎಳನೀರು ತಂಪು, ಮಾವಿನಹಣ್ಣು ಉಷ್ಣ ಎನ್ನುತ್ತ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವರ ಲೆಕ್ಕದಲ್ಲಿ ಸೇವಂತಿಗೆ ತಂಪು. ಕಣ್ಣುರಿ, ತಲೆಬಿಸಿಗೆ ಹೇಳಿಮಾಡಿಸಿದ್ದು. ಕೆಂಪು ಎಲಚಿ ಮತ್ತು ಲಾಂಗನ್ ಉಷ್ಣ. ದಣಿದ, ಕಳವಳಗೊಂಡ ಮನಸ್ಸಿಗೆ ಹಿತ. ಹೊರಗೆ 45 ಡಿಗ್ರಿ ಬಿಸಿಲು, ಒಳಗೆ ಮೈ ಕೊರೆಯುವ ಏಸಿ ಇರುವ ಊರಿನಲ್ಲಿ ಎರಡಕ್ಕೂ ಕೆಲಸವಿದೆ.

ಸೇವಂತಿಗೆ ಚಹಾಕ್ಕೆ ಐದಾರು ಒಣ ಹೂವು, ಒಂದು ಚಮಚ ಗೋಜಿ ಸಾಕು. ಎರಡನ್ನೂ ತಣ್ಣೀರಲ್ಲಿ ಬೇಗ ತೊಳೆದು ಲೋಟಕ್ಕೆ ಹಾಕಿ. ಕುದಿದ ನೀರನ್ನು ಇಳಿಸಿ, ಒಂದೆರಡು ನಿಮಿಷ ಬಿಟ್ಟು ಸುರಿಯಿರಿ. ಐದು ನಿಮಿಷ ಮುಚ್ಚಿಡಿ. ಹೂವನ್ನು ಒಲೆಯ ಮೇಲೆ ಕುದಿಸಬೇಡಿ, ಪರಿಮಳ ಹಾರಿ ಕಹಿ ಉಳಿಯುತ್ತದೆ. ಹೊಂಬಣ್ಣದ ನೀರು ಮುಗಿದ ಮೇಲೆ ಅದೇ ಹೂವಿಗೆ ಇನ್ನೊಮ್ಮೆ ಬಿಸಿನೀರು ಹಾಕಿಕೊಳ್ಳಬಹುದು.

ಹಣ್ಣಿನ ಚಹಾಕ್ಕೆ ಒಲೆ ಬೇಕು. ಐದಾರು ಒಣ ಎಲಚಿ ಸೀಳಿ, ಬೀಜ ತೆಗೆದು, ಹತ್ತು ಲಾಂಗನ್ ತಿರುಳಿನ ಜೊತೆ ಅರ್ಧ ಲೀಟರ್ ನೀರಿನಲ್ಲಿ ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಬೇಯಿಸಿ. ಸಕ್ಕರೆ ಬೇಡವೇ ಬೇಡ. ಬೆಂದ ಹಣ್ಣನ್ನೂ ತಿನ್ನಬಹುದು. ಎಲಚಿ ಪೊಟ್ಟಣದ ಮೇಲೆ ‘ರೆಡ್ ಡೇಟ್ಸ್’ ಎಂದಿರುತ್ತದೆ. ಖರ್ಜೂರದ ನಾಡಿನಲ್ಲಿ ಇದನ್ನು ಖರ್ಜೂರವೆಂದುಕೊಳ್ಳುವ ಅಪಾಯ ಹೆಚ್ಚು. ಇದು ನಮ್ಮ ಬಯಲುಸೀಮೆಯ ಎಲಚಿಯ ಒಡಹುಟ್ಟು. ಎಮಿರೇಟ್ಸಿನ ಮರುಭೂಮಿಯಲ್ಲಿ ಬೆಳೆಯುವ ಸಿದ್ರ್ ಮರವೂ ಇದೇ ಜಾತಿಯದು, ಅದರ ಜೇನಿಗೆ ಅರಬರಲ್ಲಿ ಬಹಳ ಬೆಲೆ.

ಇಷ್ಟಾದರೂ ಇದು ನಿದ್ದೆಗುಳಿಗೆಯಲ್ಲ. ಈ ಚಹಾಗಳು ನಿದ್ರಾಹೀನತೆಯನ್ನು ಗುಣಪಡಿಸುತ್ತವೆ ಎನ್ನಲು ಗಟ್ಟಿ ಪುರಾವೆಯಿಲ್ಲ. ರಾತ್ರಿಯ ಕಾಫಿ ಬಿಟ್ಟು ಇದನ್ನು ಕುಡಿದರೆ ಆಗುವ ಲಾಭವೇ ಸಣ್ಣದಲ್ಲ. ವಾರಗಟ್ಟಲೆ ನಿದ್ದೆಯಿಲ್ಲದವರು ವೈದ್ಯರ ಬಳಿ ಹೋಗಲೇಬೇಕು. ಚೀನೀ ಪದ್ಧತಿಯಲ್ಲೇ ಚಿಕಿತ್ಸೆ ಬೇಕೆಂದರೆ, ದುಬೈ ಆರೋಗ್ಯ ಪ್ರಾಧಿಕಾರ ಆ ವೈದ್ಯರಿಗೂ ಪರವಾನಗಿ ಕೊಡುತ್ತದೆ. ಅದು ಇದೆಯೇ ಎಂದು ನೋಡಿಯೇ ಹೋಗಿ.

ಊರಿಗೆ ಬಂದಾಗ ಪೂಜೆಗೆಂದು ಕೊಂಡ ಸೇವಂತಿಗೆಯನ್ನು ಒಣಗಿಸಿ ಕುಡಿಯುವ ಸಾಹಸ ಬೇಡ. ಅದನ್ನು ತಿನ್ನಲೆಂದು ಬೆಳೆದಿರುವುದಿಲ್ಲ, ಕೀಟನಾಶಕ ಬಿದ್ದಿರುತ್ತದೆ. ಸೇವಂತಿಗೆ ಜಾತಿಯ ಹೂವಿನ ಪರಾಗ ಒಗ್ಗದವರು ಹೂವಿನ ಚಹಾ ಬಿಡುವುದು ಒಳ್ಳೆಯದು. ಸಕ್ಕರೆ ಕಾಯಿಲೆಯವರು ಎಲಚಿ, ಲಾಂಗನ್ ಕಡಿಮೆ ಮಾಡಬೇಕು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರಿಗೆ ಗೋಜಿ ಆಗಿಬರುವುದಿಲ್ಲ, ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಅಂಥವರು ದಯವಿಟ್ಟು ತಮ್ಮ ವೈದ್ಯರನ್ನು ಕೇಳದೆ ಒಂದು ಲೋಟವನ್ನೂ ಕುಡಿಯಬಾರದು.