ಕೊಬ್ಬು ಮೊದಲು ಹಗೆ, ಆಮೇಲೆ ಕಾವಲು

ಮಂಗಳೂರಿನ ಓದುಗರೊಬ್ಬರು ಸೊಗಸಾದ ಪ್ರಶ್ನೆಯೊಂದನ್ನು ಕೇಳಿದ್ದಾರೆ. ಮೆಲ್ಬರ್ನ್‌ನಲ್ಲಿರುವ ಮಗಳು ಅವರಿಗೆ ಪಾವ್ಲೋವಾ ಮಾಡುವ ಕ್ರಮವನ್ನು ವಾಟ್ಸಾಪ್‌ನಲ್ಲಿ ಕಳಿಸಿದ್ದಾಳೆ. ಅದರ ಮೊದಲ ಸಾಲಿನಲ್ಲೇ ದಪ್ಪಕ್ಷರದ ಎಚ್ಚರಿಕೆ ಇದೆ: ಬೋಗುಣಿಗೆ ಜಿಡ್ಡಿನ ಸೋಂಕೂ ಇರಬಾರದು, ಮೊಟ್ಟೆಯ ಹಳದಿ ಒಂದು ಹನಿ ಬಿದ್ದರೂ ಎಲ್ಲ ಹಾಳು. ಕೊನೆಯ ಸಾಲಿಗೆ ಬಂದರೆ, ಕರಗಿಸಿದ ಚಾಕೊಲೇಟನ್ನು ಮೇಲೆಲ್ಲ ಸವರಿ ಎಂದಿದೆ. “ಚಾಕೊಲೇಟಿನಲ್ಲಿ ಮೂರನೇ ಒಂದು ಪಾಲು ಕೊಬ್ಬೇ ಅಲ್ಲವೇ ಮಾರಾಯ್ರೆ? ಮೊದಲು ಅಷ್ಟು ಮಡಿ, ಆಮೇಲೆ ಇಷ್ಟು ಮೈಲಿಗೆ, ಇದೆಂಥ ಶಾಸ್ತ್ರ?” ಎಂಬುದು ಅವರ ತಕರಾರು.

ತಕರಾರು ನ್ಯಾಯವಾದದ್ದೇ. ಪಾವ್ಲೋವಾ ತಿನ್ನದವರಿಗಾಗಿ ಎರಡು ಮಾತು. ಮೊಟ್ಟೆಯ ಬಿಳಿಯನ್ನು ಸಕ್ಕರೆಯೊಂದಿಗೆ ನೊರೆಯೆಬ್ಬಿಸಿ ಸಣ್ಣ ಕಾವಿನಲ್ಲಿ ಒಣಗಿಸಿದರೆ ಮೆರಾಂಗ್ ಆಗುತ್ತದೆ. ಅದನ್ನೇ ದಪ್ಪ ತಟ್ಟೆಯಂತೆ ಹರಡಿ, ಹೊರಗೆ ಗರಿಗರಿ, ಒಳಗೆ ಮೆತ್ತಗೆ ಇರುವ ಹಾಗೆ ಬೇಯಿಸಿ, ಮೇಲೆ ಕ್ರೀಮು, ಹಣ್ಣು ಪೇರಿಸಿದರೆ ಪಾವ್ಲೋವಾ. 1926ರಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಪ್ರವಾಸ ಮಾಡಿದ ರಷ್ಯಾದ ಬ್ಯಾಲೆ ನರ್ತಕಿ ಅನ್ನಾ ಪಾವ್ಲೋವಾರ ಹೆಸರು ಇದಕ್ಕೆ. ಮೊದಲು ಮಾಡಿದ್ದು ಯಾರು ಎಂದು ಆ ಎರಡು ದೇಶಗಳು ಇಂದಿಗೂ ಕಿತ್ತಾಡುತ್ತವೆ. ಪರ್ತ್ ಹೋಟೆಲಿನ ಬಾಣಸಿಗ ಬರ್ಟ್ ಸಾಶೆ 1935ರಲ್ಲಿ ಮಾಡಿದ್ದೇ ಮೊದಲೆಂದು ಆಸ್ಟ್ರೇಲಿಯಾದವರು ಹೇಳುತ್ತಿದ್ದರು. ಒಟಾಗೊ ವಿಶ್ವವಿದ್ಯಾಲಯದ ಹೆಲೆನ್ ಲೀಚ್ ಹಳೆಯ ಅಡುಗೆ ಪುಸ್ತಕಗಳ ರಾಶಿಯನ್ನೇ ಜಾಲಾಡಿ, ಅದಕ್ಕಿಂತ ಮುಂಚಿನ ನ್ಯೂಜಿಲೆಂಡಿನ ಪಾಕಗಳನ್ನು ತೆಗೆದು ತೋರಿಸಿ 2008ರಲ್ಲಿ ಒಂದು ಪುಸ್ತಕವನ್ನೇ ಬರೆದರು. ನಮಗೆ ಅನ್ನಾ ಪಾವ್ಲೋವಾ ಬೇರೆಯೇ ಕಾರಣಕ್ಕೆ ಮುಖ್ಯರು: ಕಲಾಕ್ಷೇತ್ರ ಕಟ್ಟಿದ ರುಕ್ಮಿಣಿ ದೇವಿಯವರನ್ನು ನೃತ್ಯದ ಕಡೆಗೆ ತಿರುಗಿಸಿದವರಲ್ಲಿ ಆಕೆಯೂ ಒಬ್ಬರು.

ಇನ್ನು ಮೊಟ್ಟೆಗೆ ಬರೋಣ. ಬಿಳಿಯಲ್ಲಿ ಹತ್ತಿರ ಹತ್ತಿರ ಶೇ. 90ರಷ್ಟು ನೀರು, ಉಳಿದದ್ದು ಬಹುಪಾಲು ಪ್ರೋಟೀನು. ಕೋಳಿ ಇದನ್ನು ನಮ್ಮ ತಿಂಡಿಗೆಂದು ತಯಾರಿಸಿದ್ದಲ್ಲ. ನಡುವಿನ ಹಳದಿಗೂ ಅದರ ಮೇಲೆ ಬೆಳೆಯುವ ಭ್ರೂಣಕ್ಕೂ ಬ್ಯಾಕ್ಟೀರಿಯಾ ತಾಗದಂತೆ ನೋಡಿಕೊಳ್ಳುವುದು ಬಿಳಿಯ ದೊಡ್ಡ ಕೆಲಸ. ಅದರಲ್ಲಿರುವ ಓವೊಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನು ಸಿಕ್ಕ ಕಬ್ಬಿಣವನ್ನೆಲ್ಲ ಬಾಚಿಕೊಂಡು ಬ್ಯಾಕ್ಟೀರಿಯಾಗಳನ್ನು ಉಪವಾಸ ಕೆಡವುತ್ತದೆ. ಲೈಸೊಜೈಮ್ ಅವುಗಳ ಗೋಡೆಯನ್ನೇ ಕತ್ತರಿಸುತ್ತದೆ. ಅಲೆಕ್ಸಾಂಡರ್ ಫ್ಲೆಮಿಂಗ್ ಪೆನಿಸಿಲಿನ್‌ಗಿಂತ ಮೊದಲು ಮೂಗಿನ ಸಿಂಬಳದಲ್ಲಿ ಪತ್ತೆ ಮಾಡಿದ್ದು ಇದನ್ನೇ. ಓವೊಮ್ಯೂಕಾಯ್ಡ್ ಎಂಬುದು ಟ್ರಿಪ್ಸಿನ್ ಎಂಬ ಜೀರ್ಣರಸವನ್ನು ಕಟ್ಟಿಹಾಕುತ್ತದೆ. ಜಿಮ್ಮಿಗೆ ಹೋಗಿಬಂದು ಹಸಿ ಮೊಟ್ಟೆಯನ್ನು ಗಟಗಟ ಕುಡಿಯುವ ಹುಡುಗರು ಇದನ್ನು ಸ್ವಲ್ಪ ಕೇಳಿಸಿಕೊಳ್ಳಬೇಕು. ಬೆಲ್ಜಿಯಂನ ಸಂಶೋಧಕರು 1998ರಲ್ಲಿ ಅಳೆದು ನೋಡಿದಾಗ ಬೇಯಿಸಿದ ಮೊಟ್ಟೆಯ ಪ್ರೋಟೀನು ಶೇ. 90ರಷ್ಟು ಅರಗಿತ್ತು, ಹಸಿಯದ್ದು ಅರ್ಧದಷ್ಟು ಮಾತ್ರ. ಹಸಿಯದರಲ್ಲೇ ‘ಶಕ್ತಿ’ ಎನ್ನುವುದು ಬರೀ ಭ್ರಮೆ.

ಬೀಟರ್ ಹಾಕಿ ತಿರುವಿದಾಗ ಸುರುಳಿ ಸುತ್ತಿಕೊಂಡಿದ್ದ ಈ ಪ್ರೋಟೀನುಗಳು ಬಿಚ್ಚಿಕೊಳ್ಳುತ್ತವೆ. ಅವುಗಳ ಮೈಯಲ್ಲಿ ನೀರನ್ನು ಇಷ್ಟಪಡುವ ಭಾಗಗಳೂ ಇವೆ, ನೀರೆಂದರೆ ಆಗದ ಭಾಗಗಳೂ ಇವೆ. ನೀರೊಲ್ಲದ ಭಾಗ ಗುಳ್ಳೆಯೊಳಗಿನ ಗಾಳಿಯತ್ತ, ನೀರೊಲಿದ ಭಾಗ ನೀರಿನತ್ತ ಮುಖ ಮಾಡಿ, ಅಕ್ಕಪಕ್ಕದವು ಒಂದನ್ನೊಂದು ಹಿಡಿದುಕೊಂಡರೆ ಗುಳ್ಳೆಗೆ ಗೋಡೆ ಸಿದ್ಧ. ಬಿಳಿ ಎಂಟು ಪಟ್ಟು ಉಬ್ಬುವುದು ಹೀಗೆ. ಕೊಬ್ಬಿಗೂ ನೀರೆಂದರೆ ಆಗದು. ಅದೂ ಗುಳ್ಳೆಯ ಅಂಚಿನಲ್ಲೇ ಜಾಗ ಹುಡುಕುತ್ತದೆ. ಆದರೆ ಅಲ್ಲಿ ಕುಳಿತ ಮೇಲೆ ಪಕ್ಕದವರ ಕೈ ಹಿಡಿಯುವುದಿಲ್ಲ. ಹಾಗೆ ಕೊಬ್ಬು ಕುಳಿತಲ್ಲೆಲ್ಲ ಗೋಡೆ ಬಿರುಕು ಬಿಟ್ಟಂತೆಯೇ. ಹಳದಿಯ ತೂಕದಲ್ಲಿ ಸುಮಾರು ಮೂರನೇ ಒಂದು ಪಾಲು ಕೊಬ್ಬು. ಮಡಿ ಮಾಡಲು ಅಷ್ಟು ಸಾಕು. ಪ್ಲಾಸ್ಟಿಕ್ ಬೋಗುಣಿ ಎಷ್ಟು ತೊಳೆದರೂ ಜಿಡ್ಡು ಬಿಡುವುದಿಲ್ಲ, ಸ್ಟೀಲಿನದೋ ಗಾಜಿನದೋ ಇಟ್ಟುಕೊಳ್ಳಿ. ಪಾತ್ರೆ ತೊಳೆದ ಸೋಪಿನ ಪಸೆಯೂ ಆಗದು.

ಹಾಗೆಂದು ಒಂದು ಹನಿ ಬಿದ್ದ ಕೂಡಲೇ ನಾಲ್ಕು ಮೊಟ್ಟೆ ಚೆಲ್ಲಬೇಕಾಗಿಲ್ಲ. ನೊರೆ ಬರಲು ಹೊತ್ತು ಹಿಡಿಯುತ್ತದೆ, ಉಬ್ಬು ಕಮ್ಮಿಯಾಗುತ್ತದೆ, ಅಷ್ಟೆ. ಒಡೆದ ಚಿಪ್ಪಿನ ಚೂಪು ಅಂಚಿನಿಂದ ಆ ಹಳದಿಯನ್ನು ಎತ್ತಿ ಹಾಕಿದರಾಯಿತು. ಇದಕ್ಕಿಂತ ಬೇಸರ ತರುವುದು ‘ಒಂದೇ ದಿಕ್ಕಿಗೆ ತಿರುವಬೇಕು, ಉಲ್ಟಾ ತಿರುವಿದರೆ ನೊರೆ ಇಳಿಯುತ್ತದೆ’ ಎಂಬ ನಂಬಿಕೆ. ಪ್ರೋಟೀನಿಗೆ ಎಡಬಲ ಗೊತ್ತಾಗುವುದಿಲ್ಲ.

ನಿಜವಾದ ಅಪಾಯ ಬೇರೆ ಕಡೆ ಇದೆ. ನೊರೆ ಹೊಳಪಾಗಿ, ಬೀಟರ್ ಎತ್ತಿದರೆ ಕೊಂಬಿನಂತೆ ನಿಂತ ಮೇಲೂ ತಿರುವುತ್ತಲೇ ಇದ್ದರೆ ಪ್ರೋಟೀನುಗಳ ಹಿಡಿತ ಅತಿಯಾಗುತ್ತದೆ. ಒಡೆದ ಹಾಲಿನ ಹಾಗೆ ಗಂಟು ಒಂದು ಕಡೆ, ನೀರು ಒಂದು ಕಡೆ ಆಗುತ್ತದೆ. ಈ ಅತಿ ಹಿಡಿತಕ್ಕೆ ಕಾರಣ ಪ್ರೋಟೀನಿನಲ್ಲಿರುವ ಗಂಧಕ. ಒಂದರ ಗಂಧಕ ಇನ್ನೊಂದರ ಗಂಧಕಕ್ಕೆ ಬೆಸೆದುಕೊಂಡರೆ ಬಿಡಿಸುವುದು ಕಷ್ಟ. ಫ್ರಾನ್ಸಿನ ಬಾಣಸಿಗರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದರು: ಮೊಟ್ಟೆಯ ಬಿಳಿಯನ್ನು ತಾಮ್ರದ ಬೋಗುಣಿಯಲ್ಲೇ ಕಡೆಯುವುದು. ಅಮೆರಿಕದ ಹೆರಾಲ್ಡ್ ಮೆಕ್‌ಗೀ ಇದನ್ನು ಮೊದಲು ನಂಬಿರಲಿಲ್ಲ. ಸಾಹಿತ್ಯದಲ್ಲಿ ಡಾಕ್ಟರೇಟ್ ಮಾಡಿ ಅಡುಗೆಯ ವಿಜ್ಞಾನಕ್ಕೆ ಬಂದ ಮನುಷ್ಯ ಅವರು. ನಂಬದೆ ಸುಮ್ಮನಿರದೆ ಕಡೆದು ನೋಡಿದರು. ಗಾಜಿನ ಬೋಗುಣಿಯ ನೊರೆ ಗಂಟುಗಟ್ಟಿತು. ತಾಮ್ರದ್ದು ತಿಳಿ ಹೊಂಬಣ್ಣ ತಾಳಿ ಮೆತ್ತಗೇ ಉಳಿಯಿತು. 1984ರಲ್ಲಿ ಇಬ್ಬರು ವಿಜ್ಞಾನಿಗಳ ಜತೆ ಸೇರಿ ‘ನೇಚರ್’ ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದರು. ಕಬ್ಬಿಣ ಬಾಚುವ ಓವೊಟ್ರಾನ್ಸ್‌ಫೆರಿನ್ ತಾಮ್ರವನ್ನೂ ಬಾಚಿಕೊಳ್ಳುತ್ತದೆ, ನೊರೆಯನ್ನು ಕಾಯುವುದು ಅದೇ, ಎಂಬುದು ಅವರ ವಾದ.

ಕಥೆ ನನಗೆ ಇಷ್ಟವಾಗುವುದು ಇದರ ನಂತರ. ಮುಂದೊಮ್ಮೆ ಮೆಕ್‌ಗೀ ಬೆಳ್ಳಿ ಲೇಪದ ಬೋಗುಣಿಯಲ್ಲಿ ಕಡೆದು ನೋಡಿದರು. ಓವೊಟ್ರಾನ್ಸ್‌ಫೆರಿನ್‌ಗೆ ಬೆಳ್ಳಿ ಅಂಟುವುದಿಲ್ಲ, ಆದ್ದರಿಂದ ಗಂಟು ಕಟ್ಟಬೇಕಿತ್ತು. ಕಟ್ಟಲಿಲ್ಲ! ಹಾಗಾದರೆ ಹೊಂಬಣ್ಣ ಬಂದದ್ದು ಆ ಪ್ರೋಟೀನಿನಿಂದಲೇ ಇದ್ದರೂ ಕಾಯುತ್ತಿದ್ದದ್ದು ಅದಲ್ಲ. ತಾಮ್ರ, ಬೆಳ್ಳಿ ಎರಡಕ್ಕೂ ಗಂಧಕವೆಂದರೆ ಪ್ರಾಣ. ಅವು ಪ್ರೋಟೀನಿನ ಗಂಧಕಕ್ಕೆ ತಾವೇ ಅಂಟಿಕೊಂಡು ಬೆಸುಗೆಯಾಗದಂತೆ ತಡೆಯುತ್ತಿದ್ದವು. ಅದೇ 1984ರಲ್ಲಿ ಬಂದಿದ್ದ ತಮ್ಮ ಹೆಸರಾಂತ ಪುಸ್ತಕದ 2004ರ ಆವೃತ್ತಿಯಲ್ಲಿ ಅವರು ತಮ್ಮ ಹಳೆಯ ವಾದವನ್ನು ತಾವೇ ತಿದ್ದಿದರು. ತಾಮ್ರದ ಚೊಂಬಿನ ನೀರು ಸಕಲ ರೋಗಕ್ಕೂ ಮದ್ದು ಎಂದು ದಿನಾ ಬೆಳಿಗ್ಗೆ ಫಾರ್ವರ್ಡ್ ಮಾಡುವವರಿಗೂ ಈ ಮನುಷ್ಯನಿಗೂ ಇರುವ ಅಂತರ ಇಷ್ಟೇ: ಒಬ್ಬರು ಇನ್ನೊಂದು ಬೋಗುಣಿ ತಂದು ನೋಡುತ್ತಾರೆ, ಇನ್ನೊಬ್ಬರು ನೋಡುವುದಿಲ್ಲ.

ನಿಮ್ಮ ಅಜ್ಜಿಯ ತಾಮ್ರದ ಪಾತ್ರೆಯನ್ನು ಅಟ್ಟದಿಂದ ಇಳಿಸಬೇಡಿ. ಒಳಗೆ ಕಲಾಯಿ ಇದ್ದರೆ ಮೊಟ್ಟೆಗೆ ಸಿಗುವುದು ತವರ, ತಾಮ್ರವಲ್ಲ. ನಾಲ್ಕು ಬಿಳಿಗೆ ಒಂದು ಚಮಚ ವಿನೆಗರ್ ಅಥವಾ ನಿಂಬೆರಸ ಹಾಕಿ. ಹುಳಿ ಇದ್ದಾಗ ಗಂಧಕದ ಜತೆಗಿರುವ ಜಲಜನಕ ಅದನ್ನು ಬಿಟ್ಟು ಹೋಗುವುದಿಲ್ಲ, ಬೆಸುಗೆಗೆ ಅವಕಾಶವೂ ಸಿಗುವುದಿಲ್ಲ. ತಾಮ್ರಕ್ಕೇ ಹುಳಿ ಹಾಕುವ ಸಾಹಸ ಮಾತ್ರ ಬೇಡ.

ಆಮೇಲೆ 200 ಗ್ರಾಂ ಸಣ್ಣ ಸಕ್ಕರೆಯನ್ನು ಚಮಚ ಚಮಚವಾಗಿ ಸೇರಿಸಬೇಕು. ಎರಡು ಬೆರಳ ನಡುವೆ ನೊರೆ ಉಜ್ಜಿದರೆ ಹರಳು ತಾಗಬಾರದು. ಓವನ್‌ನಲ್ಲಿ 120 ಡಿಗ್ರಿಯಲ್ಲಿ ಒಂದು ಗಂಟೆಗೂ ಮಿಕ್ಕಿ ಇಡುವಾಗ ನಡೆಯುವುದು ಎರಡು ಸಂಗತಿ. ಬಿಳಿಯ ಪ್ರೋಟೀನಿನಲ್ಲಿ ಅರ್ಧಕ್ಕಿಂತ ಹೆಚ್ಚಿರುವ ಓವಾಲ್ಬುಮಿನ್, ಕಡೆಯುವಾಗ ಹೆಚ್ಚೇನೂ ಮಾಡದೆ ಇದ್ದದ್ದು, 80 ಡಿಗ್ರಿಯ ಆಸುಪಾಸಿನಲ್ಲಿ ಗಟ್ಟಿಯಾಗಿ ಗೋಡೆಗಳನ್ನು ನಿಲ್ಲಿಸುತ್ತದೆ. ನೀರು ಆರಿದಲ್ಲೆಲ್ಲ ಸಕ್ಕರೆ ಗಾಜಾಗುತ್ತದೆ. ಗಾಜೆಂದರೆ ಅಕ್ಷರಶಃ ಗಾಜೇ: ಹರಳಿನ ಜೋಡಣೆಯಿಲ್ಲದೆ ಗಟ್ಟಿಗೊಂಡ ವಸ್ತು.

ಮಡಿ ಮುಗಿಯುವುದು ಇಲ್ಲಿಗೇ. ಕೊಬ್ಬು ನುಗ್ಗಿ ಜಾಗ ಹಿಡಿಯಲು ಈಗ ನೀರಿನ ಪೊರೆಯೇ ಉಳಿದಿಲ್ಲ. ಹಸಿ ನೊರೆಗೆ ಕರಗಿದ ಚಾಕೊಲೇಟ್ ಕಲಸಿದರೆ ಕಣ್ಣೆದುರೇ ಕುಗ್ಗುತ್ತದೆ; ಬೆಂದದ್ದರ ಮೇಲೆ ಸುರಿದರೆ ಏನೂ ಆಗುವುದಿಲ್ಲ. ಈಗ ಮೆರಾಂಗಿನ ವೈರಿ ನೀರು. ಸಕ್ಕರೆಯ ಗಾಜು ನೀರನ್ನು ಹೀರುತ್ತದೆ, ಹೀರಿದಷ್ಟೂ ಮೆತ್ತಗಾಗಿ ಅಂಟಂಟಾಗುತ್ತದೆ. ಮಾವು, ಸ್ಟ್ರಾಬೆರಿ, ಕೊಡಗಿನ ಪ್ಯಾಶನ್‌ಫ್ರೂಟ್, ಯಾವ ಹಣ್ಣಾದರೂ ಬಹುಪಾಲು ನೀರೇ. ನಡುವೆ ಕೋಕೋ ಬೆಣ್ಣೆಯ ತೆಳು ಪದರ ಇದ್ದರೆ ರಸ ಕೆಳಗಿಳಿಯುವುದಿಲ್ಲ. ಅಲ್ಲಿ ಬೇಡವಾಗಿದ್ದ ಗುಣವೇ, ಅಂದರೆ ನೀರಿನೊಂದಿಗೆ ಬೆರೆಯದಿರುವುದು, ಇಲ್ಲಿ ಬೇಕಾದ ಗುಣ. ಸವರುವಾಗ ಎರಡು ಎಚ್ಚರ ಸಾಕು. ಮೆರಾಂಗ್ ಪೂರ್ತಿ ಆರಿರಬೇಕು. ಕುಂಚದಿಂದ ಮೂಲೆ, ಬಿರುಕು ಬಿಡದೆ ಹಚ್ಚಿ ಚಾಕೊಲೇಟ್ ಮುಟ್ಟಿದರೆ ಕೈಗಂಟದಷ್ಟು ಗಟ್ಟಿಯಾಗುವವರೆಗೆ ಕಾಯಬೇಕು. ಹಣ್ಣಿಗೆ ಮೊದಲೇ ಸಕ್ಕರೆ ಉದುರಿಸಿದರೆ ರಸ ಬಿಟ್ಟುಕೊಳ್ಳುತ್ತದೆ, ಆದ್ದರಿಂದ ಬಡಿಸುವ ಹೊತ್ತಿಗೆ ಹೆಚ್ಚಿ ಹಾಕಿ. ಮೆರಾಂಗೇ ಚಾಕೊಲೇಟ್ ಬಣ್ಣಕ್ಕಿರಬೇಕೆಂದರೆ ಕೋಕೋ ಪುಡಿಯನ್ನು ಕಡೆಗೆ ಹಗುರವಾಗಿ ಮಡಚಿ ಸೇರಿಸಿ. ಅದರಲ್ಲಿ ಕೊಬ್ಬು ಕಮ್ಮಿ.

ಹಣ್ಣಿಲ್ಲದಿದ್ದರೂ ಮಂಗಳೂರಿನ ಆಷಾಢದ ಗಾಳಿಯಲ್ಲೇ ಬೇಕಾದಷ್ಟು ನೀರಿದೆ. ಅಲ್ಲಿ ಮೆರಾಂಗನ್ನು ಓವನ್ ಆರಿಸಿ ಅದರೊಳಗೇ ತಣಿಯಲು ಬಿಟ್ಟು, ಹೊರತೆಗೆದ ಕೂಡಲೇ ಗಾಳಿಯಾಡದ ಡಬ್ಬಿಗೆ ಹಾಕಬೇಕು. ಇಲ್ಲವಾದರೆ ಬೆಳಿಗ್ಗೆ ಅದು ಬೆವರಿ ಕೂತಿರುತ್ತದೆ. ಆಗ ದೃಷ್ಟಿ ತಾಗಿತೆಂದು ಇನ್ನೊಂದು ಮೊಟ್ಟೆಯನ್ನು ನೀವಾಳಿಸಿ ಮೂರುದಾರಿಯಲ್ಲಿ ಎಸೆಯಬೇಡಿ. ಅದರಲ್ಲಿ ಒಂದು ಆಮ್ಲೆಟ್ ಆಗುತ್ತದೆ.

ಮೊಟ್ಟೆ ಮುಟ್ಟದ ಮನೆಗಳಿಗೂ ದಾರಿಯಿದೆ. ಕಾಬೂಲ್ ಕಡಲೆ ಬೇಯಿಸಿದ ಕಟ್ಟು ಕೂಡ ಮೊಟ್ಟೆಯ ಬಿಳಿಯಂತೆಯೇ ನೊರೆಯೇಳುತ್ತದೆಂದು ಫ್ರಾನ್ಸಿನ ಜೊಯೆಲ್ ರೋಸೆಲ್ 2014ರಲ್ಲಿ ತೋರಿಸಿದರು. ಬೇಳೆ ಕುದಿಯುವಾಗ ಪಾತ್ರೆಯ ಬಾಯಿಗೆ ಉಕ್ಕಿ ಬರುವ ನೊರೆಯನ್ನು ಸೌಟಿನಿಂದ ತೆಗೆದು ಚೆಲ್ಲುವ ನಮಗೆ ಇದು ಹೊಳೆಯಲಿಲ್ಲವಲ್ಲ! ಕಟ್ಟಿನಲ್ಲಿ ಕಾಳಿನ ಪ್ರೋಟೀನೂ ಇದೆ, ಅಂಟುವಾಳಕಾಯಿಗೆ ನೊರೆ ಕೊಡುವ ಸಪೋನಿನ್ ಜಾತಿಯ ವಸ್ತುವೂ ಇದೆ. ಓವಾಲ್ಬುಮಿನ್ ಮಾತ್ರ ಇಲ್ಲ. ಹಾಗಾಗಿ ಕಾವಿಗೆ ಗೋಡೆ ಗಟ್ಟಿಯಾಗುವುದಿಲ್ಲ, ಸಕ್ಕರೆಯ ಗಾಜೊಂದೇ ಆಧಾರ. 100 ಡಿಗ್ರಿ ಮೀರದಂತೆ ಇನ್ನೂ ಹೆಚ್ಚು ಹೊತ್ತು ಒಣಗಿಸಬೇಕು, ಕಟ್ಟು ಲೋಳೆಯಷ್ಟು ದಪ್ಪವಿರಬೇಕು, ಕಾಳು ಬೇಯಿಸುವಾಗ ಉಪ್ಪು ಹಾಕಬಾರದು. ಇದಕ್ಕೆ ಚಾಕೊಲೇಟಿನ ಪದರ ಇನ್ನೂ ದಪ್ಪಗೇ ಇರಲಿ. ನೀರು ತಾಗಿದರೆ ಇದು ಮೊಟ್ಟೆಯದಕ್ಕಿಂತ ಬೇಗ ಕರಗುತ್ತದೆ.