ಓದುವ ಮೂಲೆಗೆ ಬೆಳಕು

ನಮ್ಮ ಆದೋನಿಯ ಸುತ್ತಲಿನ ಹಳ್ಳಿಗಳಲ್ಲಿ ಮಣ್ಣಿನ ಮಾಳಿಗೆಯ ಮನೆಗಳು ಇಂದಿಗೂ ಅಲ್ಲಲ್ಲಿ ಉಂಟು. ದಪ್ಪ ಗೋಡೆ, ಚಿಕ್ಕ ಕಿಟಕಿ. ಬೇಸಿಗೆಯ ಬಿಸಿಲನ್ನು ತಡೆಯಲು ಹಿರಿಯರು ಕಂಡುಕೊಂಡ ಉಪಾಯವಿದು. ಆದರೆ ಅವರು ಬೆಳಕನ್ನು ಮರೆಯಲಿಲ್ಲ. ಮಾಳಿಗೆಯಲ್ಲೊಂದು ಬೆಳಕಿಂಡಿ ಬಿಟ್ಟು, ಅದರ ಕೆಳಗೆ ಕುಳಿತು ಕಾಳು ಆರಿಸುತ್ತಿದ್ದರು, ಲೆಕ್ಕ ಬರೆಯುತ್ತಿದ್ದರು. ಇಂದೋ, ಮನೆಯ ಒಳ್ಳೆಯ ದೀಪ ಟಿ.ವಿ. ಇರುವ ಕೋಣೆಗೆ ಮೀಸಲು. ಹತ್ತನೆಯ ತರಗತಿಯ ಮಗಳು ಓದುವುದೂ, ತಾಯಿ ಹೊಲಿಗೆ ಯಂತ್ರ ತುಳಿಯುವುದೂ ಮಬ್ಬು ಮೂಲೆಯಲ್ಲಿ. ಮರುದಿನ ತರಗತಿಯಲ್ಲಿ "ತಲೆನೋವು ಸಾರ್" ಎಂಬ ಮಾತನ್ನು ನಾವು ಕೇಳುತ್ತೇವೆ.

ಮಬ್ಬಿನಲ್ಲಿ ಓದಿದರೆ ದೃಷ್ಟಿಯೇ ಹೋಗುತ್ತದೆಂಬುದು ನಿಜವಲ್ಲ. ಆದರೆ ಕಣ್ಣು ದಣಿಯುತ್ತದೆ. ಬಾಗಿ ಬಾಗಿ ಕುತ್ತಿಗೆ ನೋಯುತ್ತದೆ. ನಲವತ್ತು ದಾಟಿದ ಕಣ್ಣಿಗಂತೂ ಇನ್ನೂ ಹೆಚ್ಚು ಬೆಳಕು ಬೇಕು. ಬೆಳಕನ್ನು ಅಳೆಯುವ ಮಾನ ಲಕ್ಸ್ (ಸಾಬೂನಲ್ಲ, ಮಕ್ಕಳೇ!). ಓದುಬರಹಕ್ಕೆ 300ರಿಂದ 500 ಲಕ್ಸ್ ಇದ್ದರೆ ಸಾಕು. ಬಲ್ಬಿನಿಂದ ಎರಡರಷ್ಟು ದೂರ ಸರಿದರೆ ಬೆಳಕು ಅರ್ಧವಾಗುವುದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಆದ್ದರಿಂದ ದೊಡ್ಡ ದೀಪ ಕೊಳ್ಳುವ ಮೊದಲು ಇರುವ ದೀಪವನ್ನೇ ಹತ್ತಿರ ತನ್ನಿರಿ. ದೀಪ ಬೆನ್ನ ಹಿಂದಿದ್ದರೆ ನಮ್ಮ ನೆರಳೇ ಪುಸ್ತಕದ ಮೇಲೆ ಬೀಳುತ್ತದೆ. ಬಲಗೈಯಲ್ಲಿ ಬರೆಯುವವರಿಗೆ ಎಡಗಡೆಯಿಂದ, ಎಡಗೈಯವರಿಗೆ ಬಲಗಡೆಯಿಂದ ಬೆಳಕು ಬರಲಿ. ಗೋಡೆಗೆ ಬಿಳಿ ಸುಣ್ಣ ಬಳಿದರೆ ಇದ್ದ ಬೆಳಕೇ ಹೆಚ್ಚುತ್ತದೆ.

ಬೆಳಕಿಗೆ ಇನ್ನೊಂದು ಕೆಲಸವೂ ಉಂಟು. ನಮ್ಮ ದೇಹದೊಳಗೊಂದು ಗಡಿಯಾರವಿದೆ. ಅದರ ಗುಟ್ಟನ್ನು ಬಿಡಿಸಿದ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬ್ಯಾಷ್ ಮತ್ತು ಮೈಕೆಲ್ ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ಬೆಳಗಿನ ಬೆಳಕು ಈ ಗಡಿಯಾರವನ್ನು ಸರಿಹೊಂದಿಸುತ್ತದೆ. ರಾತ್ರಿ ಹೊತ್ತು ಕಣ್ಣಿಗೆ ಬೀಳುವ ಪ್ರಖರವಾದ, ನೀಲಿ ಬೆರೆತ ಬೆಳಕು ನಿದ್ರೆ ತರುವ ಮೆಲಟೋನಿನ್ ಎಂಬ ರಸವನ್ನು ತಡೆಯುತ್ತದೆ. ಆದ್ದರಿಂದ ಮಲಗುವ ಒಂದು ಗಂಟೆ ಮೊದಲೇ ಮೊಬೈಲನ್ನು ದೂರವಿಡಬೇಕು. ಹಗಲು ಹೊರಗೆ ಆಡುವ ಮಕ್ಕಳಿಗೆ ಸಮೀಪದೃಷ್ಟಿಯ ತೊಂದರೆ ಕಡಿಮೆಯೆಂದೂ ತಿಳಿದುಬಂದಿದೆ. ಆಟದ ಬಯಲು ಓದಿನ ಶತ್ರುವಲ್ಲ.

ಪೋಷಕರಲ್ಲಿ ನಮ್ಮದೊಂದು ವಿನಂತಿ. ಇಂದು ರಾತ್ರಿ ಮಗು ಓದುವ ಜಾಗದಲ್ಲಿ ನೀವೇ ಕುಳಿತು ಅದರ ಪುಸ್ತಕದ ಒಂದು ಪುಟ ಓದಿ ನೋಡಿರಿ. ಅಕ್ಷರಗಳಿಗಾಗಿ ತಡಕಾಡಬೇಕಾಯಿತೇ? ಹಾಗಾದರೆ ಜಾಗ ಬದಲಿಸಿರಿ. ಬೆಳಕು ಸರಿಯಿದ್ದೂ ಮಗುವಿನ ತಲೆನೋವು ನಿಲ್ಲದಿದ್ದರೆ ಕಣ್ಣಿನ ವೈದ್ಯರಿಗೆ ತೋರಿಸಿರಿ. ಅಂಕ ಕಡಿಮೆ ಬಂದಾಗ ಮಗುವನ್ನು ಗದರುವ ಮುನ್ನ, ಅದು ಕುಳಿತ ಮೂಲೆಯನ್ನೊಮ್ಮೆ ನೋಡೋಣ.