ಶಿವಗಂಗೆಯ ಶಾಂತಲೆ: ಓದುಗರ ನಂಬಿಕೆ ಮತ್ತು ಶಾಸನದ ಮಾತು

ಚಾರಿತ್ರಿಕ ಕಾದಂಬರಿಯ ಬಗೆಗೆ ಓದುಗರು ತಳೆಯುವ ಅಭಿಪ್ರಾಯ ಪುಸ್ತಕದ ಹೊರಗೂ ನೆಲೆಗೊಳ್ಳುವುದುಂಟು. ಕೆ.ವಿ. ಅಯ್ಯರ್ ಅವರ ‘ಶಾಂತಲಾ’ (1952) ಇದಕ್ಕೆ ತಕ್ಕ ನಿದರ್ಶನ. ಬೆಂಗಳೂರಿನ ರಾಜಾಜಿನಗರ, ವಿಜಯನಗರಗಳಿಂದ ಒಂದು ದಿನದಲ್ಲಿ ಹೋಗಿಬರಬಹುದಾದ ಶಿವಗಂಗೆ ಬೆಟ್ಟದಲ್ಲಿ ‘ಶಾಂತಲಾ ಡ್ರಾಪ್’ ಎಂದು ಕರೆಯಲಾಗುವ ಕಡಿದಾದ ತಾಣವಿದೆ. ಹೊಯ್ಸಳ ವಿಷ್ಣುವರ್ಧನನ ಪಟ್ಟಮಹಿಷಿ ಅಲ್ಲಿಂದ ಧುಮುಕಿ ಪ್ರಾಣಬಿಟ್ಟಳೆಂಬುದು ಅಲ್ಲಿನ ಐತಿಹ್ಯ. ಈ ಐತಿಹ್ಯಕ್ಕೆ ಮನಸ್ಸನ್ನೂ ಕಾರಣವನ್ನೂ ಒದಗಿಸಿದ್ದು ಕಾದಂಬರಿ: ಮಕ್ಕಳಿಲ್ಲದ ರಾಣಿ, ಗೆಳತಿ ಲಕ್ಷ್ಮಿ, ಆತ್ಮಾರ್ಪಣೆ. ಹರ್ಕ್ಯುಲಿಸ್ ವ್ಯಾಯಾಮಶಾಲೆಯ ಮೂಲಕ ಬೆಂಗಳೂರಿನ ತರುಣರ ಮೈಕಟ್ಟು ತಿದ್ದಿದ ಲೇಖಕರಿಂದ ಇಂಥ ಕರುಣರಸದ ಕೃತಿ ಬಂದುದು ಸೋಜಿಗವೇ ಸರಿ.

ಓದುಗರ ನೆನಪಿನಲ್ಲಿ ತಲಕಾಡಿನ ವಿಜಯಕ್ಕಿಂತ ಈ ಅಂತ್ಯವೇ ಗಟ್ಟಿಯಾಗಿ ಉಳಿದಿದೆ. ಮೆಚ್ಚುಗೆಯ ತಿರುಳು ತ್ಯಾಗ. ಆದರೆ ಈ ಮೆಚ್ಚುಗೆಯೊಳಗೆ ಒಂದು ಕುಟುಂಬನೀತಿ ಅಡಗಿದೆ. ಸಂತಾನವಿಲ್ಲದ ಹೆಣ್ಣು ದಾರಿ ಬಿಟ್ಟುಕೊಡುವುದೇ ಹಿರಿಮೆ ಎಂಬುದು ಹನ್ನೆರಡನೆಯ ಶತಮಾನದ ಸತ್ಯವಾಗಿ ಓದುಗರಿಗೆ ತಲುಪುತ್ತದೆ. ಲಕ್ಷ್ಮೀದೇವಿಯ ಮಗ ಒಂದನೆಯ ನರಸಿಂಹನೇ ಮುಂದೆ ಪಟ್ಟಕ್ಕೆ ಬಂದುದರಿಂದ ಕಥೆಗೆ ಇತಿಹಾಸದ ಬೆಂಬಲವಿದ್ದಂತೆಯೂ ತೋರುತ್ತದೆ.

ಶ್ರವಣಬೆಳಗೊಳದ ಶಾಸನ ಹೇಳುವುದು ಇದಕ್ಕಿಂತ ಕಡಿಮೆ. ಶಕ 1053, ಅಂದರೆ ಕ್ರಿ.ಶ. 1131ರ ಚೈತ್ರಮಾಸದಲ್ಲಿ ಶಿವಗಂಗೆಯ ತೀರ್ಥದಲ್ಲಿ ಆಕೆ ‘ಮುಡಿಪಿ’ ಸ್ವರ್ಗಸ್ಥಳಾದಳೆಂದಷ್ಟೇ ಅದರ ಒಕ್ಕಣೆ. ಜೈನ ಶಾಸನಗಳಲ್ಲಿ ‘ಮುಡಿಪು’ ವ್ರತಪೂರ್ವಕ ಮರಣವನ್ನು ಸೂಚಿಸುವ ಪರಿಚಿತ ಪದ. ಬೆಟ್ಟದಿಂದ ಧುಮುಕುವುದು ಅದರ ಅರ್ಥವಲ್ಲ. ಅದೇ ಶಾಸನವು ಮಗಳ ಅಗಲಿಕೆಯ ಬಳಿಕ ತಾಯಿ ಮಾಚಿಕಬ್ಬೆ ಬೆಳಗೊಳದಲ್ಲಿ ತಿಂಗಳ ಉಪವಾಸದಿಂದ ಸನ್ಯಸನಗೈದುದನ್ನು ವಿವರವಾಗಿ ನಿರೂಪಿಸುತ್ತದೆ. ತಾಯಿಯ ಸಾವಿಗೆ ಇಷ್ಟು ವಿವರ, ಮಗಳ ಸಾವಿಗೆ ಒಂದೇ ಪದ! ಕಾದಂಬರಿಕಾರರಿಗೆ ಎಡೆ ದೊರೆತದ್ದು ಈ ಅಂತರದಲ್ಲಿಯೇ.

ಸಿ.ಕೆ. ನಾಗರಾಜರಾವ್ ಅವರ ಬೃಹತ್ ಕಾದಂಬರಿ ‘ಪಟ್ಟಮಹಾದೇವಿ ಶಾಂತಲದೇವಿ’ (1978) ಇದೇ ಎಡೆಯಲ್ಲಿ ಬೇರೆ ಶಾಂತಲೆಯನ್ನು ನಿಲ್ಲಿಸಿತು. ಆಕೆಗೆ ಮಕ್ಕಳಿದ್ದರು, ಆಕೆಯದು ಆತ್ಮಹತ್ಯೆಯಲ್ಲ ಎಂಬುದು ಅವರ ನಿಲುವು. 1983ರ ಮೂರ್ತಿದೇವಿ ಪ್ರಶಸ್ತಿಯೂ ಅದಕ್ಕೆ ಸಂದಿತು. ಆದರೂ ಬೆಟ್ಟದ ಮೇಲಿನ ಹೆಸರು ಬದಲಾಗಲಿಲ್ಲ. ಆಕರಗಳನ್ನು ಮುಂದಿಟ್ಟು ವಾದಿಸುವ ಕಥನವು ಕಣ್ಣೆದುರಿನ ಬಂಡೆಗೆ ಅಂಟಿಕೊಂಡ ಕಥನದೊಡನೆ ಸೆಣಸುವುದು ಕಷ್ಟ. ಓದುಗರ ನಂಬಿಕೆಯನ್ನು ಅಜ್ಞಾನವೆಂದು ತಳ್ಳಿಹಾಕುವ ಸಂಶೋಧಕರು ಈ ಅಂಶವನ್ನು ಗಮನಿಸುವುದಿಲ್ಲ.

ಎರಡೂ ಬಗೆಯ ಓದುಗರು ಬದಿಗಿರಿಸುವ ಇನ್ನೊಂದು ಸಾಕ್ಷ್ಯವಿದೆ. ಗೀತ, ವಾದ್ಯ, ನೃತ್ಯಗಳಲ್ಲಿ ನಿಪುಣೆಯೆಂದು ಕೊಂಡಾಡಲಾದ ಈ ರಾಣಿಗೆ ಶಾಸನಗಳು ‘ಉದ್ವೃತ್ತಸವತಿಗಂಧವಾರಣೆ’ ಎಂಬ ಬಿರುದನ್ನು ಕೊಡುತ್ತವೆ: ಸೊಕ್ಕಿದ ಸವತಿಯರ ಪಾಲಿಗೆ ಮದಗಜ. 1123ರಲ್ಲಿ ಆಕೆ ಚಂದ್ರಗಿರಿಯ ಮೇಲೆ ಕಟ್ಟಿಸಿದ ಬಸದಿಗೂ ಇದೇ ಹೆಸರು. ಅದು ಇಂದಿಗೂ ಸವತಿಗಂಧವಾರಣ ಬಸದಿ. ಗೆಳತಿಯಾದ ಸವತಿಗಾಗಿ ಸಿಂಹಾಸನದ ಬದಿಯಿಂದ ಸರಿದು ನಿಂತ ಶಾಂತಲೆಗೂ ಈ ಬಿರುದನ್ನು ಕಲ್ಲಿನಲ್ಲಿ ಹೊತ್ತು ಮೆರೆದ ಶಾಂತಲೆಗೂ ನಡುವೆ ಎಂಟು ಶತಮಾನಗಳ ಅಂತರವಿದೆ.